ಐದು ಸಲದ ಸುಳ್ಳು

ಸೇಡು ತೀರಿಸಿಕೊಂಡವರಿಗೆ ನೆಮ್ಮದಿ ಇರುವುದಿಲ್ಲ ಅನ್ನುತ್ತಾರೆ. ಹಾಗೆ ಹೇಳುವವರಲ್ಲಿ ಹೆಚ್ಚಿನವರು ಸೇಡು ತೀರಿಸಿಕೊಳ್ಳಲು ಧೈರ್ಯ ಸಾಲದೇ ಹೋದವರು ಅಂತ ನನ್ನ ಅನುಮಾನ. ನನಗಂತೂ ಅದಾದ ಮೇಲೆ ಹೊಟ್ಟೆ ತುಂಬ ಊಟ ಸೇರಿತು, ಕಣ್ತುಂಬ ನಿದ್ದೆ ಬಂತು.

ನನ್ನ ತವರು ಹಲಸೂರು, ಬಜಾರಿನ ಹಿಂದಿನ ಗಲ್ಲಿ. ಮದುವೆಯಾಗಿ ಹೋಗಿದ್ದು ಕೆ.ಆರ್. ಪುರಕ್ಕೆ. ಮಾವ ಕಾರ್ಖಾನೆಯಿಂದ ರಿಟೈರ್ ಆದಾಗ ಬಂದ ಹಣದಲ್ಲಿ ಕಟ್ಟಿಸಿದ ಮನೆ. ಕಟ್ಟಿಸಿ ಎರಡು ವರ್ಷಕ್ಕೆ ಅವರು ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆ, ಗಂಡ, ನಾನು. ಗಂಡನ ಅಕ್ಕನನ್ನು ಗರುಡಾಚಾರ್‌ಪಾಳ್ಯಕ್ಕೆ ಕೊಟ್ಟಿದ್ದರು. ಅವಳನ್ನು ನಾನು ಅತ್ತಿಗೆ ಅಂತ ಕರೆಯುತ್ತಿದ್ದೆ. ಹತ್ತಿರದಲ್ಲೇ ಇದ್ದಳಾದ್ದರಿಂದ ವಾರಕ್ಕೆ ಮೂರು ದಿನ ನಮ್ಮನೆಯಲ್ಲೇ ಇರುತ್ತಿದ್ದಳು. ಆ ಮನೆಯಲ್ಲಿ ಸಾರಿಗೆ ಉಪ್ಪು ಎಷ್ಟು ಅನ್ನುವುದರಿಂದ ಹಿಡಿದು ಗೋಡೆಯ ಬಣ್ಣದವರೆಗೆ ಅವಳ ಮಾತೇ ಕಡೆಯ ಮಾತು.

ಆಗ ನಾನು ಗಂಡನನ್ನು ‘ಅವರು’ ಅನ್ನುತ್ತಿದ್ದೆ. ಈಗ ಬರೆಯುವಾಗ ಕೈ ತಾನಾಗಿ ‘ಅವನು’ ಅಂತಲೇ ಬರೆಯುತ್ತದೆ. ತಿದ್ದುವುದಿಲ್ಲ.

ನಾನು ದೊಮ್ಮಲೂರಿನಲ್ಲಿ ಒಂದು ವಿಮಾ ಕಂಪನಿಯ ಕ್ಲೇಮು ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಆಸ್ಪತ್ರೆಗಳಿಂದ ಬರುವ ಫೈಲುಗಳನ್ನು ಓದಿ ಎಲ್ಲಿ ಏನು ಬಿಟ್ಟಿದ್ದಾರೆ, ಯಾವ ತಾರೀಖಿಗೂ ಯಾವ ಸಹಿಗೂ ತಾಳೆಯಾಗುತ್ತಿಲ್ಲ ಅಂತ ಹುಡುಕುವುದು ನನ್ನ ಕೆಲಸ. ಊರಿನವರ ಪಿತ್ತಕೋಶ, ಮಂಡಿಚಿಪ್ಪು, ಹೃದಯ ಎಲ್ಲದರ ಕಾಗದ ಓದಿದವಳು ನನ್ನದೇ ಫೈಲನ್ನು ಒಂದೂವರೆ ವರ್ಷ ಬಿಚ್ಚಿ ನೋಡಲಿಲ್ಲ. ಆಸ್ಪತ್ರೆಗೆ ಹೋದಾಗೆಲ್ಲ ಫೈಲು ಅವನ ಕೈಯಲ್ಲೇ ಇರುತ್ತಿತ್ತು. ‘ನೀನು ಟೆನ್ಷನ್ ಮಾಡ್ಕೋಬೇಡ, ನಾನು ನೋಡ್ಕೋತೀನಿ’ ಅನ್ನುತ್ತಿದ್ದ. ಎಷ್ಟು ಒಳ್ಳೆಯ ಗಂಡ ಅಂದುಕೊಂಡಿದ್ದೆ.

ಮದುವೆಯಾಗಿ ನಾಲ್ಕು ವರ್ಷ ಕಳೆದಿತ್ತು, ನನಗೆ ಮೂವತ್ತೆರಡು. ಇಂದಿರಾನಗರದಲ್ಲಿ, ನೂರಡಿ ರಸ್ತೆಯಿಂದ ಒಳಗೆ ಒಂದು ಅಡ್ಡರಸ್ತೆಯಲ್ಲಿ, ಮಕ್ಕಳಾಗದವರಿಗೆ ಅಂತಲೇ ಇರುವ ಒಂದು ಆಸ್ಪತ್ರೆಗೆ ಹೋದೆವು. ಗೋಡೆಯ ತುಂಬ ಬೊಚ್ಚುಬಾಯಿ ಬಿಟ್ಟು ನಗುವ ಮಕ್ಕಳ ಫೋಟೊ. ಡಾಕ್ಟರು ನನಗಿಂತ ಹತ್ತು ವರ್ಷ ದೊಡ್ಡವಳಿರಬಹುದು. ಮಾತು ಜೇನುತುಪ್ಪ. ಮೊದಲ ದಿನವೇ ಇಬ್ಬರಿಗೂ ಪರೀಕ್ಷೆ ಬರೆದುಕೊಟ್ಟಳು. ಅವನದು ಒಂದೇ, ವೀರ್ಯದ ಪರೀಕ್ಷೆ. ನನಗೆ ರಕ್ತ, ಸ್ಕ್ಯಾನು, ಆಮೇಲೆ ಗರ್ಭನಾಳದೊಳಗೆ ದ್ರವ ಬಿಟ್ಟು ಎಕ್ಸ್‌ರೇ ತೆಗೆಯುವ ಒಂದು ಪರೀಕ್ಷೆ. ಆ ನೋವಿಗೆ ನಾನು ಮೇಜಿನ ಅಂಚು ಹಿಡಿದು ಉಗುರು ಮುರಿದುಕೊಂಡೆ. ‘ಎರಡೂ ನಾಳ ತೆರೆದಿದೆ, ವೆರಿ ಗುಡ್’ ಅಂದರು.

ರಿಪೋರ್ಟು ಬಂದ ದಿನ ನನ್ನನ್ನು ಇನ್ನೊಂದು ಸ್ಕ್ಯಾನಿಗೆ ಅಂತ ಕೆಳಗಿನ ಮಹಡಿಗೆ ಕಳಿಸಿದರು. ಮೇಲೆ ಬರುವಷ್ಟರಲ್ಲಿ ಅತ್ತಿಗೆಯೂ ಬಂದು ಕೂತಿದ್ದಳು. ಇವಳ್ಯಾಕೆ ಬಂದಳು ಅನ್ನಿಸಿತು, ಕೇಳಲಿಲ್ಲ. ಡಾಕ್ಟರು ನಗುತ್ತಾ ಅಂದಳು:

“ದೊಡ್ಡ ಪ್ರಾಬ್ಲಂ ಏನೂ ಇಲ್ಲಮ್ಮ. ಕೆಲವರಿಗೆ ಕಾರಣ ಇಲ್ದೇನೇ ಲೇಟಾಗುತ್ತೆ. ಐಯುಐ ಮಾಡೋಣ. ನಿಮ್ಮ ಹಸ್ಬೆಂಡ್ ವೀರ್ಯಾನ ಲ್ಯಾಬಲ್ಲಿ ತೊಳೆದು, ಚುರುಕಾಗಿರೋದನ್ನ ಮಾತ್ರ ತಗೊಂಡು, ಸಣ್ಣ ನಳಿಕೇಲಿ ಗರ್ಭಕೋಶಕ್ಕೆ ಬಿಡ್ತೀವಿ. ಹತ್ತು ನಿಮಿಷದ ಕೆಲ್ಸ. ಎಂಟೇ ಸಾವಿರ.”

ಎಂಟೇ ಸಾವಿರ ಅನ್ನುವುದು ಆ ಹತ್ತು ನಿಮಿಷಕ್ಕೆ ಮಾತ್ರ. ಅಂಡ ಬೆಳೆಯಲು ಹೊಟ್ಟೆಗೆ ಚುಚ್ಚಿಕೊಳ್ಳುವ ಇಂಜೆಕ್ಷನ್ನು ಬೇರೆ, ಅದು ಎಷ್ಟು ಬೆಳೆಯಿತು ಅಂತ ದಿನ ಬಿಟ್ಟು ದಿನ ನೋಡುವ ಸ್ಕ್ಯಾನು ಬೇರೆ, ಅಂಡ ಒಡೆಯಲು ಕಡೆಯದೊಂದು ಇಂಜೆಕ್ಷನ್ನು, ವೀರ್ಯ ತೊಳೆಯುವ ಲ್ಯಾಬಿನ ಚಾರ್ಜು, ಆಮೇಲೆ ಹದಿನೈದು ದಿನದ ಮಾತ್ರೆ. ಎಲ್ಲ ಸೇರಿ ಒಂದು ಸಲಕ್ಕೆ ಇಪ್ಪತ್ತೆರಡು ಸಾವಿರದ ಹತ್ತಿರ. ಬಂಜೆತನದ ಚಿಕಿತ್ಸೆಗೆ ನಮ್ಮ ಪಾಲಿಸಿಯಲ್ಲಿ ವಿಮೆ ಇಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎಷ್ಟೋ ಜನರಿಗೆ ಆ ಉತ್ತರವನ್ನು ನಾನೇ ಟೈಪು ಮಾಡಿ ಕಳಿಸಿದ್ದೆ. ಮೊದಲ ಬಿಲ್ಲು ಕಟ್ಟುವಾಗ ಅವನು ಕಾರ್ಡು ತೆಗೆಯಲಿಲ್ಲ. “ನಿನ್ನ ಟ್ರೀಟ್ಮೆಂಟ್ ಅಲ್ವಾ, ನಿನ್ನ ಅಕೌಂಟಿಂದಾನೇ ಹೋಗ್ಲಿ, ಲೆಕ್ಕ ಒಂದೇ ಕಡೆ ಇರುತ್ತೆ” ಅಂದ. ಕಟ್ಟಿದೆ. ಐದು ಸಲವೂ ಕಟ್ಟಿದೆ.

ಒಂದೂವರೆ ವರ್ಷದಲ್ಲಿ ಐದು ಸಲ. ಬೆಳಿಗ್ಗೆ ಏಳೂವರೆಗೆ ಸ್ಕ್ಯಾನು ಅಂದರೆ ಆರಕ್ಕೇ ಹೊರಡಬೇಕು, ಇಲ್ಲದಿದ್ದರೆ ಟಿನ್ ಫ್ಯಾಕ್ಟರಿ ಹತ್ತಿರದ ಟ್ರಾಫಿಕ್ಕಿಗೆ ಸಿಕ್ಕಿ ಬಸ್ಸಿನಲ್ಲೇ ಅರ್ಧ ದಿನ. ಇಂಜೆಕ್ಷನ್ನನ್ನು ಆಫೀಸಿನ ಫ್ರಿಜ್ಜಿನಲ್ಲಿ, ಯಾರದೋ ಮೊಸರನ್ನದ ಡಬ್ಬಿಯ ಹಿಂದೆ ಇಡುತ್ತಿದ್ದೆ. ಮಧ್ಯಾಹ್ನ ಬಾತ್‌ರೂಮಿಗೆ ಹೋಗಿ ಸೀರೆ ಸರಿಸಿ ನಾನೇ ಚುಚ್ಚಿಕೊಳ್ಳುತ್ತಿದ್ದೆ. ಹೊಟ್ಟೆಯ ಮೇಲೆ ನೀಲಿ ನೀಲಿ ಕಲೆ. ಆ ದಿನ ಬಂದಾಗ ಮೇಜಿನ ಮೇಲೆ ಮಲಗಿ, ಕಾಲು ಎತ್ತಿ, ಕಾಲುಗಂಟೆ ಕಣ್ಣು ಮುಚ್ಚಿಕೊಂಡು ದೇವರ ಹೆಸರು ಹೇಳುವುದು. ಆಮೇಲೆ ಹದಿನಾಲ್ಕು ದಿನ ಮೈಯೆಲ್ಲ ಕಿವಿ ಮಾಡಿಕೊಂಡು ಕಾಯುವುದು.

ಹದಿನಾಲ್ಕನೇ ದಿನ ಅತ್ತಿಗೆಯ ಫೋನು ತಪ್ಪದೇ ಬರುತ್ತಿತ್ತು.

“ಏನಾಯ್ತಮ್ಮ?”

“ಇಲ್ಲ ಅತ್ತಿಗೆ.”

“ಅಯ್ಯೋ. ನಿನ್ನ ಮೈ ಹಿಡ್ಕೋತಿಲ್ಲ ಕಣೇ. ನಮ್ಮ ಹುಡುಗನ ಮುಖ ನೋಡೋಕಾಗಲ್ಲ.”

ಇದನ್ನು ಅವಳು ನನಗಷ್ಟೇ ಹೇಳಲಿಲ್ಲ. ಅವನ ದೊಡ್ಡಪ್ಪನ ಮನೆಯಲ್ಲಿ ಒಂದು ಸೀಮಂತ. ಬಸುರಿಗೆ ಬಳೆ ತೊಡಿಸಲು ನಾನು ಕೈ ಚಾಚಿದಾಗ ಅತ್ತಿಗೆ ನನ್ನ ಮೊಣಕೈ ಹಿಡಿದು ಮೆಲ್ಲಗೆ ಹಿಂದಕ್ಕೆ ಎಳೆದಳು. “ಇವಳ ಗರ್ಭಕೋಶ ವೀಕು, ಟ್ರೀಟ್ಮೆಂಟ್ ನಡೀತಿದೆ. ಪಾಪ, ಏನೂ ಅಂದ್ಕೋಬೇಡಿ” ಅಂತ ಸುತ್ತಲಿನವರಿಗೆಲ್ಲ ಕೇಳುವ ಹಾಗೆ ಹೇಳಿದಳು. ಗಂಡ ಅಲ್ಲೇ ಬಾಗಿಲ ಹತ್ತಿರ ನಿಂತು ಕೋಸಂಬರಿ ತಿನ್ನುತ್ತಿದ್ದ. ನನಗೆ ಸಿಟ್ಟು ಬರಲಿಲ್ಲ. ನಾಚಿಕೆಯಾಯಿತು. ನನ್ನ ಮೈಯ ಮೇಲೆ ನನಗೇ ಹೇಸಿಗೆಯಾಯಿತು. ಅವರಿಬ್ಬರ ಮೇಲಿನ ದ್ವೇಷಕ್ಕೆ ಬೇರೆಲ್ಲ ಕಾರಣ ಮರೆತರೂ ಇದೊಂದು ಸಾಕು.

ಐದನೆಯದೂ ಹೋದ ಮೇಲೆ ಆಫೀಸಿನ ಗೆಳತಿಯೊಬ್ಬಳು ನನ್ನನ್ನು ಹಿಡಿದು ಕೂರಿಸಿದಳು. ಶಿವಾಜಿನಗರದವಳು, ನನ್ನ ಪಕ್ಕದ ಟೇಬಲ್ಲು. “ಬೇರೆ ಯಾರಿಗಾದ್ರೂ ತೋರ್ಸು. ನಮ್ಮ ಗಲ್ಲೀಲಿ ಒಬ್ರು ಡಾಕ್ಟರಮ್ಮ ಇದ್ದಾರೆ. ಈಗ ಹೆರಿಗೆ ಮಾಡ್ಸಲ್ಲ, ಬರೀ ನೋಡಿ ಹೇಳ್ತಾರೆ. ಫೈಲ್ ತಗೊಂಡ್ಬಾ, ನಾನೇ ಕರ್ಕೊಂಡ್ಹೋಗ್ತೀನಿ” ಅಂದಳು.

ಅವನನ್ನು ಫೈಲು ಕೇಳಿದೆ. “ಆಸ್ಪತ್ರೇಲೇ ಇರುತ್ತೆ, ಅವರು ಕೊಡಲ್ಲ” ಅಂದ. ರೋಗಿ ಬರೆದು ಕೇಳಿದರೆ ಆಸ್ಪತ್ರೆಯವರು ಕಾಗದಪತ್ರ ಕೊಡಲೇಬೇಕು ಅಂತ ನನಗೆ ಗೊತ್ತಿರಲಿಲ್ಲವೇ? ನಾನೇ ಆಸ್ಪತ್ರೆಗೆ ಹೋಗಿ, ನಮ್ಮ ಆಫೀಸಿನ ಭಾಷೆಯಲ್ಲಿ ಒಂದು ಪತ್ರ ಕೊಟ್ಟು, ಸ್ವೀಕೃತಿಗೆ ಸೀಲು ಹಾಕಿಸಿಕೊಂಡು ಬಂದೆ. ಎರಡು ದಿನಕ್ಕೆ ಕೌಂಟರಿನ ಹುಡುಗಿ ಇಡೀ ಫೈಲಿನ ಜೆರಾಕ್ಸು ಕೊಟ್ಟಳು. ಡಾಕ್ಟರು ಆ ವಾರ ರಜೆಯಲ್ಲಿದ್ದಳಂತೆ. ಇದ್ದಿದ್ದರೆ ಕೆಲವು ಹಾಳೆ ಖಂಡಿತ ಬರುತ್ತಿರಲಿಲ್ಲ.

ಶಿವಾಜಿನಗರದ ಡಾಕ್ಟರಮ್ಮನ ಕೋಣೆ ಒಂದು ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ತಲೆಯ ಮೇಲೆ ಬಿಳಿ ದುಪಟ್ಟಾ, ದಪ್ಪ ಕನ್ನಡಕ. ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಮೂರನೆಯದಕ್ಕೆ ನಿಂತು ಹಿಂದಿನದಕ್ಕೆ ಹೋದರು, ಮತ್ತೆ ಮುಂದಕ್ಕೆ ಬಂದರು.

“ಬೇಟಾ, ಇದನ್ನ ನೀನು ಓದಿಲ್ವಾ?”

“ಇಲ್ಲಮ್ಮ.”

“ಐಯುಐ ಕೆಟ್ಟದ್ದಲ್ಲ. ಖರ್ಚು ಕಮ್ಮಿ, ನೋವು ಕಮ್ಮಿ. ಆದ್ರೆ ಎಲ್ಲಾರ್ಗೂ ಅಲ್ಲ. ಹೆಂಗಸಿನ ನಾಳ ತೆರೆದಿರ್ಬೇಕು, ನಿಂದು ತೆರೆದಿದೆ. ಅಂಡ ಸರಿಯಾಗಿ ಬಿಡುಗಡೆ ಆಗ್ಬೇಕು, ಆಗ್ತಾ ಇದೆ. ಗಂಡಸಿಂದು, ತೊಳೆದ ಮೇಲೆ, ಈಜಾಡೋದು ಐವತ್ತು ಲಕ್ಷನಾದ್ರೂ ಉಳಿದ್ರೆ ಒಳ್ಳೇದು. ಹತ್ತು ಲಕ್ಷಕ್ಕಿಂತ ಕಮ್ಮಿ ಅಂದ್ರೆ ನಾನಂತೂ ಮಾಡ್ಸಿ ಅನ್ನಲ್ಲ.” ಐದು ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ವೀರ್ಯ ತೊಳೆದ ದಿನ ಲ್ಯಾಬಿನವರು ಬರೆದ ಹಾಳೆಗಳು. “ಇಲ್ಲಿ ನೋಡು. ಐದು ಸಲದಲ್ಲಿ ಒಂದು ಸಲಾನೂ ಒಂದು ಲಕ್ಷ ದಾಟಿಲ್ಲ. ಮೊದಲ್ನೇ ರಿಪೋರ್ಟಲ್ಲೇ ಗೊತ್ತಾಗಿದೆ. ಇವರಿಗೆ ಒಂದೊಂದೇ ವೀರ್ಯಾಣು ಹಿಡಿದು ಅಂಡದೊಳಗೆ ಚುಚ್ಚೋ ಚಿಕಿತ್ಸೆ ಬೇಕಿತ್ತು. ದುಬಾರಿ. ಆದ್ರೆ ಈ ಐದಕ್ಕೆ ಸುರಿದ ದುಡ್ಡಲ್ಲಿ ಅರ್ಧಕ್ಕಿಂತ ಹೆಚ್ಚು ಆಗೋಗ್ತಿತ್ತು. ಇಲ್ಲಾಂದ್ರೆ ದಾನಿ ವೀರ್ಯ. ಇದು ಮಾತ್ರ ಅಲ್ಲ.”

ಹೀಗೆ ಹೇಳಿ ಅವರು ಇನ್ನೊಂದು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಯಾರೋ ಕಿರಿಯ ಡಾಕ್ಟರು ಕೈಬರಹದಲ್ಲಿ ಬರೆದದ್ದು. ತಾರೀಖು ನೋಡಿದೆ. ನನ್ನನ್ನು ಸ್ಕ್ಯಾನಿಗೆ ಅಂತ ಕೆಳಗೆ ಕಳಿಸಿದ ದಿನ. ಇಂಗ್ಲಿಷಿನಲ್ಲಿ ಮೂರೇ ಸಾಲು: ರಿಪೋರ್ಟನ್ನು ಗಂಡನಿಗೂ ಗಂಡನ ಅಕ್ಕನಿಗೂ ವಿವರಿಸಲಾಗಿದೆ. ಐಯುಐ ಮಾಡಿಸಲು ಇಚ್ಛಿಸಿದ್ದಾರೆ. ಹೆಂಡತಿಗೆ ತಿಳಿಸಬಾರದು ಎಂದು ಕೋರಿದ್ದಾರೆ. ಕೆಳಗೆ ಅವನ ಸಹಿ. ಕಡೆಯ ಅಕ್ಷರದ ಬಾಲವನ್ನು ಎಳೆದು ಎರಡು ಚುಕ್ಕಿ ಇಡುವ ಅವನ ಅದೇ ಸಹಿ. ಲ್ಯಾಬಿನ ಆ ಐದು ಹಾಳೆಗಳ ಮೇಲೂ ಇತ್ತು.

ಗೆಳತಿ ನನ್ನ ಬೆನ್ನ ಮೇಲೆ ಕೈ ಇಟ್ಟಳು. ನಾನು ಅಳುತ್ತೇನೆ ಅಂದುಕೊಂಡಿರಬೇಕು. ಅಳು ಬರಲಿಲ್ಲ. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ: ಇದರ ಎಷ್ಟು ಪ್ರತಿ ತೆಗೆಸಬೇಕು?

ಆದರೂ ಅವನಿಗೆ ಒಂದು ಅವಕಾಶ ಕೊಟ್ಟೆ. ಅವನಿಗೆ ಶಕ್ತಿಯಿಲ್ಲದ್ದು ನನಗೆ ದೊಡ್ಡ ವಿಷಯವಾಗಿರಲಿಲ್ಲ, ಇವತ್ತಿಗೂ ಅಲ್ಲ. ಮೊದಲ ದಿನವೇ ಹೇಳಿದ್ದರೆ ಕೈ ಹಿಡಿದುಕೊಂಡು ಆ ದುಬಾರಿ ಚಿಕಿತ್ಸೆಗೇ ಹೋಗುತ್ತಿದ್ದೆ, ಸಾಲ ಮಾಡಿಯಾದರೂ. ಮಾರನೇ ಬೆಳಿಗ್ಗೆ ತಟ್ಟೆಗೆ ದೋಸೆ ಹಾಕುತ್ತಾ ಕೇಳಿದೆ.

“ಮುಂದೆ ಏನ್ ಮಾಡೋಣ ರೀ? ನಿಮ್ಮ ರಿಪೋರ್ಟೆಲ್ಲ ಸರಿ ಇದೆ ಅಲ್ವಾ?”

ಅವನು ಫೋನಿನಿಂದ ಕಣ್ಣೆತ್ತಲಿಲ್ಲ. “ನಂದೆಲ್ಲ ನಾರ್ಮಲ್ಲು. ನಿಂದೇ ನೋಡ್ಬೇಕು.”

ಇನ್ನೊಂದು ದೋಸೆ ಹಾಕಿದೆ. ಚಟ್ನಿಯನ್ನೂ ಬಡಿಸಿದೆ.

ಆಮೇಲಿನ ಮೂರು ವಾರ ಇದ್ದಷ್ಟು ಒಳ್ಳೆಯ ಸೊಸೆಯಾಗಿ ನಾನು ಹಿಂದೆ ಯಾವತ್ತೂ ಇರಲಿಲ್ಲ. ಯಾಕೆಂದರೆ ಅತ್ತಿಗೆ ಒಂದು ಭಾನುವಾರ ಗೊತ್ತು ಮಾಡಿದ್ದಳು. ನೆಂಟರಲ್ಲಿ ಹಿರಿಯರನ್ನು ಕೂರಿಸಿ ‘ಒಂದು ತೀರ್ಮಾನಕ್ಕೆ ಬರೋಣ’ ಅಂತ. ಯಾವ ತೀರ್ಮಾನ ಅಂತ ನನಗೆ ಮೊದಲೇ ಗೊತ್ತಾಗಿತ್ತು. ಅವಳು ಅಡುಗೆಮನೆಯಲ್ಲಿ ಫೋನಿನಲ್ಲಿ ಮಾತಾಡಿದ್ದನ್ನು ಕೇಳಿಸಿಕೊಂಡಿದ್ದೆ: ನನ್ನನ್ನು ಒಪ್ಪಿಸಿ ವಿಚ್ಛೇದನಕ್ಕೆ ಸಹಿ ಹಾಕಿಸುವುದು, ಅವನಿಗೆ ಇನ್ನೊಂದು ಮದುವೆ ಮಾಡುವುದು. ತಡೆಯಬಹುದಿತ್ತು, ತಡೆಯಲಿಲ್ಲ. ಜನ ಸೇರಲಿ, ಇನ್ನೂ ನಾಲ್ಕು ಜನ ಬರಲಿ ಅಂತ ಕಾದೆ. ಆಫೀಸಿನ ಜೆರಾಕ್ಸು ಮಿಷನ್ನಿನಲ್ಲಿ ಏಳು ಪ್ರತಿ ತೆಗೆದು, ಕ್ಲೇಮು ಫೈಲಿಗೆ ಕಟ್ಟುವ ಹಾಗೆಯೇ ಒಂದೊಂದಕ್ಕೂ ದಾರ ಕಟ್ಟಿದೆ. ಪುಟಕ್ಕೆ ನಂಬರು ಹಾಕಿದೆ.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲರೂ ಬಂದರು. ದೊಡ್ಡಪ್ಪ, ದೊಡ್ಡಮ್ಮ, ಅತ್ತಿಗೆ, ಅವಳ ಗಂಡ, ಅವನು, ಅತ್ತೆ. ದೊಡ್ಡಪ್ಪನೂ ಮಾವನ ಕಾರ್ಖಾನೆಯಲ್ಲೇ ಇದ್ದವರು, ಆ ಕಡೆಯ ನೆಂಟರಿಗೆಲ್ಲ ಅವರ ಮಾತೆಂದರೆ ಮಾತು. ಅತ್ತೆ ಉಪ್ಪಿಟ್ಟು, ಕೇಸರಿಬಾತು ಮಾಡಿದ್ದರು. ಅವರಿಗೆ ಸಭೆ ಯಾಕೆ ಅಂತ ಪೂರ್ತಿ ಗೊತ್ತಿರಲಿಲ್ಲ. ಮಾತುಕತೆ ಅಂದರೆ ತಿಂಡಿ ಬೇಕು ಅನ್ನುವಷ್ಟು ಗೊತ್ತಿತ್ತು.

ಅತ್ತಿಗೆ ಶುರು ಮಾಡಿದಳು. “ಯಾರನ್ನೂ ದೂರೋಕೆ ಕರೆದಿಲ್ಲ. ಅವಳ ಹಣೆಬರಹ, ಅವಳೇನು ಮಾಡ್ತಾಳೆ ಪಾಪ. ಐದು ಸಲ ಹಾಕಿಸಿದ್ರೂ ಮೈ ಹಿಡೀಲಿಲ್ಲ. ನಮ್ಮ ಹುಡುಗನ ವಯಸ್ಸೂ ನೋಡ್ಬೇಕಲ್ಲ ದೊಡ್ಡಪ್ಪ? ಒಪ್ಕೊಂಡು ಸಹಿ ಹಾಕ್ಕೊಟ್ರೆ ಕೋರ್ಟು ಕಚೇರಿ ಅಂತ ಅಲೆಯೋದು ತಪ್ಪುತ್ತೆ.”

ಪೂರ್ತಿ ಹೇಳಲು ಬಿಟ್ಟೆ. ಕೇಸರಿಬಾತನ್ನೂ ತಿನ್ನಲು ಬಿಟ್ಟೆ. ಆಮೇಲೆ ಎದ್ದು ಒಬ್ಬೊಬ್ಬರ ಕೈಗೆ ಒಂದೊಂದು ಪ್ರತಿ ಕೊಟ್ಟೆ. ಅತ್ತಿಗೆಗೆ ಮೊದಲು.

“ದೊಡ್ಡಪ್ಪ, ನಾಲ್ಕನೇ ಪುಟ. ಸ್ವಲ್ಪ ಜೋರಾಗಿ ಓದಿ.”

ಅವರು ಕನ್ನಡಕ ಸರಿಮಾಡಿಕೊಂಡು ಕೂಡಿಸಿ ಕೂಡಿಸಿ ಓದಿದರು. “ಹಸ್ಬೆಂಡ್ ಅಂಡ್ ಸಿಸ್ಟರ್ ಕೌನ್ಸೆಲ್ಡ್... ವೈಫ್ ನಾಟ್ ಟು ಬಿ ಇನ್ಫಾರ್ಮ್ಡ್.” ತಲೆಯೆತ್ತಿದರು. “ಹಂಗಂದ್ರೆ?”

“ಹಂಗಂದ್ರೆ, ಮಕ್ಕಳಾಗದೇ ಇರೋಕೆ ಕಾರಣ ನನ್ನ ಮೈಯಲ್ಲ ಅಂತ ಇವರಿಬ್ಬರಿಗೂ ಮೊದಲ್ನೇ ದಿನವೇ ಗೊತ್ತಿತ್ತು. ಇದರಿಂದ ಮಕ್ಕಳಾಗಲ್ಲ ಅಂತ ಗೊತ್ತಿದ್ದೂ ಐದು ಸಲ ನನ್ನನ್ನ ಮೇಜಿನ ಮೇಲೆ ಮಲಗ್ಸಿದ್ರು. ದುಡ್ಡೂ ನಂದೇ.”

ಅವನು ಎದ್ದುನಿಂತ. “ಏ, ಮನೆ ಮರ್ಯಾದೆ ಅನ್ನೋದು...”

“ಕೂತ್ಕೋ” ಅಂದೆ. ಆರು ವರ್ಷದಲ್ಲಿ ಮೊದಲ ಸಲ ಅವನಿಗೆ ಏಕವಚನ. “ಐದೈದು ಸಹಿ ಹಾಕುವಾಗ ನಿನಗೆ ಮರ್ಯಾದೆ ನೆನಪಿರಲಿಲ್ವಾ?”

ಅವನು ಕೂತ. ಅವನ ಕಿವಿಯ ತುದಿ ಕೆಂಪಾಗಿ, ಆ ಕೆಂಪು ಕುತ್ತಿಗೆಗೆ ಇಳಿಯಿತು. ನಾನು ಕಣ್ಣು ತೆಗೆಯದೇ ನೋಡಿದೆ. ಸೀಮಂತದ ಮನೆಯಲ್ಲಿ ನನಗಾದದ್ದು ಹೇಗಿತ್ತು ಅಂತ ಅವನಿಗೀಗ ಗೊತ್ತಾಗುತ್ತಿದೆ ಅನ್ನಿಸಿತು. ಆ ಸುಖವನ್ನು ಸುಳ್ಳು ಅನ್ನಲಾರೆ.

ಅತ್ತಿಗೆಗೆ ತಡೆಯಲಾಗಲಿಲ್ಲ. “ಆ ನಂಬರೆಲ್ಲ ಯಾರು ನಂಬ್ತಾರೆ! ಡಾಕ್ಟ್ರು ಏನೇನೋ ಬರೀತಾರೆ. ಹೆಣ್ಣು ಸರಿ ಇದ್ರೆ ಎಲ್ಲಾ ಸರಿಹೋಗುತ್ತೆ!”

ದೊಡ್ಡಪ್ಪ ಅವಳ ಕಡೆ ತಿರುಗಿದರು. “ಹಾಗಾದ್ರೆ ನಿನಗೆ ಗೊತ್ತಿತ್ತು ಅನ್ನು.”

ಅವಳ ಗಂಡ ತನ್ನ ಪ್ರತಿಯನ್ನು ಮಡಚಿ ಜೇಬಿಗಿಟ್ಟುಕೊಂಡು, ಚಪ್ಪಲಿ ಮೆಟ್ಟಿ, ಯಾರಿಗೂ ಹೇಳದೇ ಹೊರಟುಹೋದ. ಅವಳು ಅವನ ಹಿಂದೆ ಓಡಿದಳು. ಆ ಓಟ ನೋಡಲು ಎರಡು ಕಣ್ಣು ಸಾಲಲಿಲ್ಲ.

ಒಂದೇ ಒಂದು ವಿಷಯಕ್ಕೆ ನನಗೆ ಇವತ್ತಿಗೂ ಕಸಿವಿಸಿ. ಅತ್ತೆಗೆ ಇಂಗ್ಲಿಷು ಬರುವುದಿಲ್ಲ. ನಾನು ಕೊಟ್ಟ ಪ್ರತಿಯನ್ನು ಅವರು ತೊಡೆಯ ಮೇಲೆ ಹಾಗೇ ಇಟ್ಟುಕೊಂಡಿದ್ದರು. ಅತ್ತಿಗೆ ಹೊರಗೆ ಓಡಿದ ಮೇಲೆ ಮಗನನ್ನು ಕೇಳಿದರು: “ಹೌದೇನೋ?” ಅವನು ತನ್ನ ಪ್ರತಿಯ ದಾರದ ಗಂಟು ಬಿಚ್ಚುತ್ತಾ ಕೂತ. ಅವರು ಎದ್ದು ಎಲ್ಲರ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ನಲ್ಲಿಯ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು. ನನಗೆ ಸ್ಕ್ಯಾನು ಇದ್ದ ದಿನ ಐದು ಗಂಟೆಗೆ ಎದ್ದು ಡಬ್ಬಿ ಕಟ್ಟಿಕೊಡುತ್ತಿದ್ದ ಹೆಂಗಸು. ಅವರಿಗೆ ಮೊದಲೇ ಒಬ್ಬರನ್ನೇ ಕೂರಿಸಿ ಹೇಳಬಹುದಿತ್ತು. ಹೇಳಿದ್ದರೆ ಸಭೆ ನಡೆಯುತ್ತಿರಲಿಲ್ಲ. ನನಗೆ ಸಭೆ ಬೇಕಿತ್ತು.

ಅವತ್ತೇ ಮಧ್ಯಾಹ್ನ ಎರಡು ಸೂಟ್‌ಕೇಸು ಹಿಡಿದು ಹಲಸೂರಿಗೆ ಬಂದೆ. ಅವರು ಬಯಸಿದ ಸಹಿಯನ್ನು ಆಮೇಲೆ ನಾನೇ ಸಂತೋಷವಾಗಿ ಹಾಕಿದೆ. ಆದರೆ ನನ್ನ ಷರತ್ತಿನ ಮೇಲೆ: ಐದು ಸಲದ ಖರ್ಚು ಪೂರ್ತಿ ಅವನು ಕೊಡಬೇಕು. ಕೊಟ್ಟ.

ಡಾಕ್ಟರು ಉಳಿದಿದ್ದಳು. ವೈದ್ಯಕೀಯ ಮಂಡಳಿಗೂ ಗ್ರಾಹಕರ ಕೋರ್ಟಿಗೂ ದೂರು ಬರೆದುಕೊಟ್ಟಿದ್ದೆ, ಆದರೆ ದೂರಿನ ದಾರಿ ಉದ್ದ ಅಂತ ಗೊತ್ತಿತ್ತು. ಅದಕ್ಕೇ ಒಂದು ಶನಿವಾರ, ಅಲ್ಲಿ ಕೂರಲು ಜಾಗ ಇಲ್ಲದಷ್ಟು ಜನ ಇರುವ ಹೊತ್ತಿಗೆ, ಇಂದಿರಾನಗರಕ್ಕೆ ಹೋದೆ. ಆ ನಗುವ ಮಕ್ಕಳ ಫೋಟೊಗಳ ಕೆಳಗೆ ನಿಂತು, ಮೊದಲು ಕನ್ನಡದಲ್ಲಿ, ಆಮೇಲೆ ಹಲಸೂರಿನಲ್ಲಿ ಬೆಳೆದವಳಾದ್ದರಿಂದ ತಮಿಳಿನಲ್ಲಿ, ಆಮೇಲೆ ನನ್ನ ಹರಕು ಹಿಂದಿಯಲ್ಲಿ ಹೇಳಿದೆ: “ಅಕ್ಕಂದಿರೇ, ನಿಮ್ಮ ಗಂಡಂದಿರ ರಿಪೋರ್ಟು ನೀವೇ ಕೇಳಿ ಓದಿ. ಐಯುಐ ಅಂದ್ರೆ ತೊಳೆದ ಮೇಲೆ ಎಷ್ಟು ಉಳೀತು ಅಂತ ಪ್ರತಿ ಸಲ ಕೇಳಿ. ಒಂದು ಸಲದ ಒಟ್ಟು ಖರ್ಚು ಎಷ್ಟು ಅಂತ ಮೊದಲೇ ಬರೆಸ್ಕೊಳ್ಳಿ. ನನಗೆ ಐದು ಸಲ ಮಾಡಿದ್ರು, ಒಂದು ಸಲಾನೂ ಮಾಡಬಾರದಿತ್ತು.”

ಸೆಕ್ಯುರಿಟಿಯವನು ಬಂದ. ಅವನಿಗಿಂತ ಮೊದಲು ಡಾಕ್ಟರೇ ಓಡಿಬಂದು ನನ್ನನ್ನು ಒಳಗೆ ಕರೆದಳು.

“ಯಾಕಮ್ಮ ಹೀಗೆ? ಕೂತು ಮಾತಾಡೋಣ. ನಿಮ್ಮ ಹಸ್ಬೆಂಡೇ ಹೇಳ್ಬೇಡಿ ಅಂದಿದ್ದು. ನಾನೇನ್ ಮಾಡ್ಲಿ?”

“ಹೇಳ್ಬೇಡಿ ಅಂದ್ರು, ಸರಿ. ಮಾಡ್ಬೇಡಿ ಅಂತ ನಿಮ್ಮ ಓದು ಹೇಳ್ಲಿಲ್ವಾ ಡಾಕ್ಟ್ರೇ?”

ಅವಳು ಹಣ ವಾಪಸ್ ಕೊಡುತ್ತೇನೆ, ಒಂದು ಕಾಗದಕ್ಕೆ ಸಹಿ ಹಾಕಿ ಅಂದಳು. ಈ ವಿಷಯ ಹೊರಗೆ ಮಾತಾಡುವುದಿಲ್ಲ ಅನ್ನುವ ಕಾಗದ. ಸಹಿಗಳ ಬೆಲೆ ಅಷ್ಟು ಹೊತ್ತಿಗೆ ನಾನು ಕಲಿತಿದ್ದೆ. ಎದ್ದು ಬಂದೆ. ಹೊರಗೆ ಕೌಂಟರಿನ ಮುಂದೆ ಮೂವರು ಹೆಂಗಸರು ತಮ್ಮ ಫೈಲು ಕೇಳುತ್ತಾ ನಿಂತಿದ್ದರು. ನನ್ನ ದೂರಿನ ಮೇಲೆ ಎರಡು ವರ್ಷ ಎಳೆದಾಡಿ ಅವಳಿಗೆ ಒಂದು ಎಚ್ಚರಿಕೆ, ನನಗೆ ಒಂದಷ್ಟು ಪರಿಹಾರ ಅಂತ ಆಯಿತು. ಅವಳು ಈಗಲೂ ಅಲ್ಲೇ ಕೂರುತ್ತಾಳೆ. ನನಗೆ ಅದು ಸಾಲದು, ಏನು ಮಾಡಲಿ.

ವಿಚ್ಛೇದನ ಆದ ಮೇಲೆ ಶಿವಾಜಿನಗರದ ಡಾಕ್ಟರಮ್ಮನ ಹತ್ತಿರ ಮತ್ತೆ ಹೋದೆ. ಒಂಟಿ ಹೆಂಗಸೂ ದಾನಿ ವೀರ್ಯದಿಂದ ಮಗು ಪಡೆಯಬಹುದು, ಕಾನೂನಿದೆ ಅಂತ ಓದಿಕೊಂಡೇ ಹೋಗಿದ್ದೆ. ಅವರು ನಕ್ಕರು. “ನಿನಗೆ ದೊಡ್ಡ ಚಿಕಿತ್ಸೆ ಬೇಡವೇ ಬೇಡ ಬೇಟಾ. ಐಯುಐನೇ ಸಾಕು” ಅಂದರು. ನಾನೂ ನಕ್ಕೆ. ಎಷ್ಟು ನಕ್ಕೆನೆಂದರೆ ಕೆಳಗಿನ ಪಾತ್ರೆ ಅಂಗಡಿಯವನು ತಲೆಯೆತ್ತಿ ನೋಡಿದ.

ನನ್ನ ಅಮ್ಮ ಮೊದಲು ಒಪ್ಪಲಿಲ್ಲ. “ಯಾರ ಬೀಜವೋ ಏನೋ” ಅಂದಳು. “ಗೊತ್ತಿರೋ ಬೀಜದ ಕಥೆ ನೋಡಿದ್ಯಲ್ಲ” ಅಂದೆ. ಎರಡು ದಿನ ಮಾತು ಬಿಟ್ಟಳು, ಮೂರನೇ ದಿನ ಜೊತೆಗೆ ಬಂದಳು. ಡಾಕ್ಟರಮ್ಮ ಕಳಿಸಿದ ಆಸ್ಪತ್ರೆಯಲ್ಲಿ ಬ್ಯಾಂಕಿನಿಂದ ತರಿಸುವ ವೀರ್ಯದ ಖರ್ಚು ಮೇಲೆ ಬಿತ್ತು. ಆದರೆ ಅವರು ಮೊದಲ ದಿನವೇ ಒಟ್ಟು ಮೊತ್ತವನ್ನು ಕಾಗದದ ಮೇಲೆ ಬರೆದುಕೊಟ್ಟರು, ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಲಿಲ್ಲ. ಅವನಿಂದ ವಸೂಲು ಮಾಡಿದ ಹಣದಲ್ಲೇ ಕಟ್ಟಿದೆ. ಬೇಕೆಂದೇ ಅದೇ ಹಣ. ಮೊದಲನೆಯದು ನಿಲ್ಲಲಿಲ್ಲ. ಎರಡನೆಯದಕ್ಕೆ ನಿಂತಿತು. ಮಗಳು ಹುಟ್ಟಿದಾಗ ನನಗೆ ಮೂವತ್ತಾರು. ನಾಮಕರಣದ ದಿನ ಒಂದು ಕಿಲೋ ಪೇಡ ಕಟ್ಟಿಸಿ, ಚೀಟಿ ಗೀಟಿ ಏನೂ ಇಡದೇ, ಗರುಡಾಚಾರ್‌ಪಾಳ್ಯದ ಆ ಮನೆಗೆ ಕೊರಿಯರ್ ಮಾಡಿದೆ. ಕಳಿಸಿದವರ ಜಾಗದಲ್ಲಿ ನನ್ನ ಹೆಸರಿತ್ತು, ಅಷ್ಟು ಸಾಕು. ಅತ್ತೆಗೆ ಮಾತ್ರ ಫೋನು ಮಾಡಿ ಹೇಳಿದೆ. ಅವರು ‘ಒಳ್ಳೇದಾಗ್ಲಿ’ ಅಂದರು. ಬರಲಿಲ್ಲ.

ಮಗಳಿಗೆ ಐದು ತಿಂಗಳಿದ್ದಾಗ ಗೊತ್ತಿಲ್ಲದ ನಂಬರಿನಿಂದ ಒಬ್ಬ ಫೋನು ಮಾಡಿದ. ತನ್ನ ತಂಗಿಗೆ ಕೆ.ಆರ್. ಪುರದಿಂದ ಒಂದು ಸಂಬಂಧ ಬಂದಿದೆ, ಹುಡುಗನ ಮೊದಲ ಹೆಂಡತಿಗೆ ಮಕ್ಕಳಾಗದ್ದಕ್ಕೆ ಬಿಟ್ಟರಂತೆ, ವಿಚಾರಿಸೋಣ ಅಂತ ಮಾಡಿದೆ ಅಂದ. ಮರ್ಯಾದಸ್ಥನ ಹಾಗೆ ಮಾತಾಡಿದ. ನನ್ನ ತೊಡೆಯ ಮೇಲೆ ಮಗಳಿದ್ದಳು. ಅವನಿಗೆ ಹೇಳಿದೆ: “ನನಗೆ ಈಗ ಐದು ತಿಂಗಳ ಮಗಳಿದ್ದಾಳೆ. ಹುಡುಗನ ಕಡೆಯಿಂದ ವೀರ್ಯದ ರಿಪೋರ್ಟು ಕೇಳಿ. ಕೊಡಲಿಲ್ಲ ಅಂದ್ರೆ ನೀವೇ ಅರ್ಥ ಮಾಡ್ಕೊಳ್ಳಿ.” ಅದು ಆ ಹುಡುಗಿಯ ಒಳ್ಳೆಯದಕ್ಕೆ ಹೇಳಿದ್ದೋ, ನನ್ನ ಹೊಟ್ಟೆಯುರಿ ತಣ್ಣಗಾಗಲೋ ಅಂತ ಯಾರಾದರೂ ಕೇಳಿದರೆ, ಎರಡೂ ಅನ್ನುತ್ತೇನೆ. ಹೊಟ್ಟೆಯುರಿಯೇ ಒಂದು ಹಿಡಿ ಹೆಚ್ಚು.

ಸಂಬಂಧ ಮುರಿಯಿತು. ನಾಲ್ಕನೇ ದಿನ ಅತ್ತಿಗೆ ಫೋನು ಮಾಡಿ ಶಾಪ ಹಾಕಿದಳು. ಮನೆಹಾಳಿ, ಬೀದಿಗೆ ಬಿದ್ದವಳು, ಆ ಮಗು ಯಾರದ್ದೋ ಅಂತೆಲ್ಲ. ಸ್ಪೀಕರಿಗೆ ಹಾಕಿ, ಮಗಳಿಗೆ ರಾಗಿ ಸರಿ ತಿನ್ನಿಸುತ್ತಾ ಪೂರ್ತಿ ಕೇಳಿದೆ. ಅವಳ ಉಸಿರು ಕಟ್ಟಿದಾಗ ಹೇಳಿದೆ, “ಅತ್ತಿಗೆ, ನೀರು ಕುಡೀರಿ.”

ಹೋದ ವರ್ಷ ಆಫೀಸಿಗೇ ಬಂದ ದೊಡ್ಡಪ್ಪನ ಮಗ ಒಂದು ಸುದ್ದಿ ಹೇಳಿದ. ನನ್ನ ಗಂಡನಾಗಿದ್ದವನು ಕೊನೆಗೆ ಅಕ್ಕನನ್ನು ಕೇಳದೇ, ತಾನೇ ಒಬ್ಬ ವಿಧವೆಯನ್ನು ಮದುವೆಯಾಗಿದ್ದಾನಂತೆ. ಅವಳಿಗೆ ಏಳು ವರ್ಷದ ಮಗನಿದ್ದಾನೆ. ಮದುವೆಗೆ ಮೊದಲೇ ತನ್ನ ರಿಪೋರ್ಟನ್ನು ತಾನೇ ತೋರಿಸಿದನಂತೆ. ಆ ಹುಡುಗನನ್ನು ದಿನಾ ಸ್ಕೂಟರಿನಲ್ಲಿ ಸ್ಕೂಲಿಗೆ ಬಿಡುತ್ತಾನಂತೆ, ಅತ್ತೆ ಹುಡುಗನಿಗೆ ಡಬ್ಬಿ ಕಟ್ಟಿಕೊಡುತ್ತಾರಂತೆ. “ಅವರೆಲ್ಲ ಚೆನ್ನಾಗಿದ್ದಾರೆ, ನೀವೂ ಮರೆತುಬಿಡಿ” ಅಂದ.

ಒಳ್ಳೆಯ ಮನಸ್ಸಿನವಳಾಗಿದ್ದರೆ ಹೋಗಲಿ, ಬದುಕಿಕೊಳ್ಳಲಿ ಅನ್ನುತ್ತಿದ್ದೆ. ನನಗೆ ಎರಡು ದಿನ ಊಟ ಸೇರಲಿಲ್ಲ. ಅವಳಿಗೆ ಮದುವೆಗೆ ಮೊದಲೇ ತೋರಿಸಲು ಅವನಿಂದ ಆಯಿತು, ನನಗೆ ತೋರಿಸಲು ಯಾಕೆ ಆಗಲಿಲ್ಲ ಅನ್ನುವ ಒಂದೇ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿತ್ತು. ಈಗಲೂ ಕೆ.ಆರ್. ಪುರದ ಕಡೆಗೆ ಹೋಗಬೇಕಾಗಿ ಬಂದರೆ ನಾನು ಬೇರೆ ದಾರಿ ಹಿಡಿಯುತ್ತೇನೆ. ಅವನು ಎದುರಾದಾನು ಅನ್ನುವ ಹೆದರಿಕೆಗಲ್ಲ. ಎದುರಾದರೆ ಆ ಹುಡುಗನ ಮುಂದೆಯೇ ನಾನು ಏನಾದರೂ ಅಂದುಬಿಟ್ಟೇನು ಅಂತ.